ಮೇಷ್ಟ್ರಮ್ಮನ ಮುದ್ದೆ

ಒಲೆಯೊಳಗಿನ ಸೌದೆಯನ್ನು ಚಿಕ್ಕವೆಂಕಟಮ್ಮ ಹೊರಗೆಳೆಯುತ್ತಿದ್ದಳು, ಅಮ್ಮಾಜಮ್ಮ ಮತ್ತೆ ಒಳಗೆ ತಳ್ಳುತ್ತಿದ್ದಳು. ಅಡುಗೆಮನೆ ತುಂಬ ಹೊಗೆ ಸುತ್ತಿಕೊಂಡಿತ್ತು. ಇಬ್ಬರೂ ಕೆಮ್ಮುತ್ತಿದ್ದರು, ಇಬ್ಬರೂ ಬಿಡುವವರಲ್ಲ.

“ಬುಡಕ್ಕಾ, ಸಾವಿನ ಮನೇಲಿ ಒಲೆ ಉರೀಬಾರ್ದು. ನೋಡ್ದೋರು ಏನಂದ್ಕೊಂಡಾರು?”

“ಎಸರು ಕುದ್ದು ರಾಗಿ ಇಟ್ಟು ಆಕಿದ್ದಾಗಿತ್ತು ಕಣೇ. ಅವ್ರು ಕಣ್ಣು ಮುಚ್ಚಿದ್ದು ಆಮೇಲೆ. ಅರ್ಧ ಬೆಂದಿದ್ದನ್ನ ಎಂಗೆ ಬುಡ್ಲಿ?”

“ತಿನ್ನೋರು ಯಾರಕ್ಕಾ ಈಗ?”

ಆ ಮಾತಿಗೆ ಅಮ್ಮಾಜಮ್ಮನ ಕೈ ನಿಂತಿತು. ಓರಗಿತ್ತಿ ಅದೇ ಸಮಯ ನೋಡಿ ಕೊಳ್ಳಿಗಳನ್ನೆಲ್ಲ ಎಳೆದು ನೀರು ಚಿಮುಕಿಸಿದಳು. ಪಾತ್ರೆ ಹಿತ್ತಲಿಗೆ ಹೋಯಿತು. ಗಂಜಿ ಕುಡಿದು ಕುಡಿದು ನಾಲಿಗೆ ಸತ್ತುಹೋಗಿದೆ, ಒಂದು ತುತ್ತು ಮುದ್ದೆ ಮಾಡು ಎಂದು ಬೆಳಗಿನ ಜಾವ ಕೇಳಿದ್ದರು ಜ್ವರ ಬಂದು ಮಲಗಿದ್ದ ಅವಳ ಗಂಡ, ಮೇಷ್ಟ್ರು. ಅಷ್ಟು ಕೇಳಿ, ಅದು ಬೇಯುವ ತನಕವೂ ಕಾಯದೆ ಹೊರಟುಬಿಟ್ಟರು. ಇದೇನು ಮರ್ಯಾದೆಯೇ ಎಂದು ಅಮ್ಮಾಜಮ್ಮನಿಗೆ ದುಃಖದ ಜೊತೆಗೆ ಸಿಟ್ಟೂ ಬಂದಿತ್ತು.

ಬೇತಮಂಗಲದ ಕೆರೆಯ ಕೆಳಗಿನ ಆ ಸಣ್ಣ ಊರಿನಲ್ಲಿ ಮುನಿಸ್ವಾಮಪ್ಪ ಮೇಷ್ಟ್ರು ಎಂದರೆ ಶಾಲೆ, ಶಾಲೆ ಎಂದರೆ ಮುನಿಸ್ವಾಮಪ್ಪ ಮೇಷ್ಟ್ರು. ಚಾವಡಿಯಲ್ಲಿ ಕೂಲಿಮಠ ಅಂತ ಶುರುವಾದದ್ದು, ಆಮೇಲೆ ಸರ್ಕಾರದ ಗ್ರಾಂಟು ಬಂದು ನಾಡಹೆಂಚಿನ ಮಾಡು ಕಂಡಿತು. ಊರಿನ ಅಪ್ಪಂದಿರೂ ಅವರ ಕೈಯಲ್ಲೇ ಅಕ್ಷರ ತಿದ್ದಿದವರು, ಅವರ ಮಕ್ಕಳೂ ಅಷ್ಟೆ. ಹೊಲದಲ್ಲಿ ಉಳಿದವರು ಉಳಿದರು, ಮಿಕ್ಕವರು ಉರಿಗಾಮಿಗೆ ಹೋಗಿ ಚಿನ್ನದ ಗಣಿಗೆ ಇಳಿದರು. ಹಾಗಾಗಿ ಬೆಳಿಗ್ಗೆಯೇ ಪ್ರಾಣ ಹೋದರೂ ಹೆಣ ಎತ್ತುವಂತಿರಲಿಲ್ಲ. ಉರಿಗಾಮಿಗೆ ಆಳು ಹೋಗಿತ್ತು. ಅಲ್ಲಿಂದ ಜನ ಬರಬೇಕು. ಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗದೆ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು, ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕಾಗಿತ್ತು. ಬರಲಿ, ಅವಸರವೇನು, ಮೇಷ್ಟ್ರೇನು ಎದ್ದು ಹೋಗುತ್ತಾರೆಯೇ ಎಂದು ಹಿರಿಯರು ಜಗುಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತರು.

ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಅಮ್ಮಾಜಮ್ಮನನ್ನು ತಲೆಯ ಹತ್ತಿರ ಕೂರಿಸಿದರು. ಮಕ್ಕಳಿಲ್ಲ. ಮಡಕೆ ಹೊರಲು ಚಿಕ್ಕವೆಂಕಟಮ್ಮನ ಮಗ ಆಂಜಿನಪ್ಪ ಇದ್ದ. ಬಂದವರು ಕಾಲು ಮುಟ್ಟಿ, ಒಂದಿಷ್ಟು ಅತ್ತು, ಆಮೇಲೆ ಮಾತಿಗೆ ಕೂರುತ್ತಿದ್ದರು. ಅದೇನು ಮಾತು ಅಂತೀರಿ? ಎಲ್ಲರದೂ ಒಂದೇ. ಮೇಷ್ಟ್ರು ತನಗೆ ಏನಂದಿದ್ದರು ಎನ್ನುವುದು.

ಬಂಗಾರಪೇಟೆಯಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿದ್ದ ಬಚ್ಚಪ್ಪ, ಹೊಟ್ಟೆ ಬಿಟ್ಟುಕೊಂಡ ಮನುಷ್ಯ, ಎಳೆಯ ಹುಡುಗನ ಹಾಗೆ ಮೂಗು ಸೀಟಿಕೊಂಡು ಹೇಳಿದ: “ನಾನು ಮಗ್ಗಿ ಏಳೋವಾಗ ಉಸುರು ಬುಡ್ದೆ ಓಡ್ತಿದ್ದೆ. ‘ಬಚ್ಚ, ನಿಂಗೆ ಮಗ್ಗಿ ಬತ್ತದೆ ಕಣ್ಲಾ, ಒಂಬತ್ತರ ಅತ್ರ ಮಾತ್ರ ಯಾರೋ ಅಟ್ಟಿಸ್ಕೊಂಡು ಬಂದಂಗೆ ಓಡ್ತೀಯ, ಅಲ್ಲಿ ನಿಂತ್ಕೊಂಡು ಏಳು’ ಅಂದ್ರು. ಈಗ್ಲೂ ಮಂಡೀಲಿ ಒಂಬತ್ತು ಬಂದ್ರೆ ನಿಂತ್ಕೊತೀನಿ.”

ಗಂಗರತ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ನನ್ನ ಅಕ್ಷರ ಸಾಲು ಬುಟ್ಟು ಮೇಲಕ್ಕೆ ಅತ್ಕೊಂಡು ಓಯ್ತಿದ್ವು. ‘ನಿನ್ನ ಅಕ್ಷರ ದುಂಡಗೆ ಚೆಂದಾಗೈತೆ ಗಂಗ, ಯಾಕೋ ಬೆಟ್ಟ ಅತ್ತಕ್ಕೆ ಓಯ್ತಾವೆ, ಸ್ವಲ್ಪ ಇಳಿಸ್ಕೊಂಡು ಬಾ’ ಅಂದ್ರು. ಒಂದ್ಸಲಾನೂ ತಪ್ಪು ಅಂತ ಗೀಟು ಎಳೀಲಿಲ್ಲ ಪುಣ್ಯಾತ್ಮ.”

ಒಬ್ಬರಾದ ಮೇಲೊಬ್ಬರು. ಇವನಿಗೆ ಕೂಡುವುದರಲ್ಲಿ ಹೀಗಂದರು, ಅವಳಿಗೆ ಪದ್ಯ ಹೇಳುವಾಗ ಹಾಗಂದರು. ಊರಿನಲ್ಲಿ ಮೇಷ್ಟ್ರ ಒಂದು ಮಾತು ಗಂಟಿಕ್ಕಿಕೊಳ್ಳದ ಸೆರಗೇ ಇರಲಿಲ್ಲ ಅನ್ನಿಸಿತು.

ಕೇಳುತ್ತಾ ಕೇಳುತ್ತಾ ಅಮ್ಮಾಜಮ್ಮನ ಹೊಟ್ಟೆಯಲ್ಲಿ ಒಂದು ಉರಿ ಎದ್ದಿತು. ದುಃಖ ಬೇರೆ ಇತ್ತು, ಇದು ಬೇರೆ. ಹೊಟ್ಟೆಕಿಚ್ಚು ಅನ್ನಿ ಬೇಕಾದರೆ. ಪಕ್ಕದಲ್ಲಿದ್ದ ಓರಗಿತ್ತಿಯ ಕಿವಿಗೆ ಬಗ್ಗಿ ಕೇಳಿದಳು:

“ಊರೋರ ಸಲೇಟೆಲ್ಲ ನೋಡಿ ಒಂದೊಂದು ಮಾತಂದವ್ರೆ. ನಾನು ನಲ್ವತ್ತು ವರ್ಸ ಬೇಯಿಸಿ ಇಕ್ಕಿದ್ನಲ್ಲ ಚಿಕ್ಕಿ, ನಂಗೇನಂದ್ರು?”

“ಈಗ ಕೇಳೋ ಮಾತೇನಕ್ಕಾ ಅದು.”

“ಇನ್ಯಾವಾಗ ಕೇಳ್ಲಿ? ಇವತ್ತು ಮಣ್ಣಿಗಿಟ್ಟ ಮ್ಯಾಲೆ ಯಾರನ್ನ ಕೇಳ್ಲಿ?”

ಅಮ್ಮಾಜಮ್ಮ ಗಂಡನ ಮುಖ ನೋಡಿದಳು. ಆ ಮುಖ ಯಾವತ್ತೂ ಊಟದ ಮುಂದೆ ಹೀಗೇ ಇರುತ್ತಿತ್ತು, ಬಾಯಿ ಮುಚ್ಚಿಕೊಂಡು. ನನ್ನ ಕೆಲಸ ಅಂತ ಒಂದಿತ್ತು, ಅದನ್ನು ಇವರು ಒಂದು ಸಲವಾದರೂ ಕಣ್ಣಿಟ್ಟು ನೋಡಿದ್ದರೇ? ಅಷ್ಟು ಗೊತ್ತಾದರೆ ಅವಳಿಗೆ ಸಾಕಾಗಿತ್ತು. ಅಷ್ಟು ಗೊತ್ತಾಗದೆ ಕಳಿಸಿಕೊಡಲು ಮನಸ್ಸು ಒಪ್ಪುತ್ತಿರಲಿಲ್ಲ. ಅವಳ ಮುದ್ದೆಯ ಬಗ್ಗೆ ಅವರು ಬಾಯಿಬಿಟ್ಟದ್ದು ಒಂದೇ ಒಂದು ಸಂಜೆ. ಅದೂ ಹೊಗಳುವುದಕ್ಕಲ್ಲ.

*

ಅವಳು ಆ ಮನೆ ತುಂಬಿದ ವರ್ಷ. ಮುನಿಸ್ವಾಮಪ್ಪನಿಗೂ ಆಗ ಹೊಸ ಮೇಷ್ಟ್ರಗಿರಿ, ಎಳೆ ಮೀಸೆ. ಶಾಲೆಗೆ ಹೋಗುವಾಗ ಹುಡುಗರಿಗೆ ಬಾರಿಸಲು ಹುಣಸೆಯ ಬರಲೊಂದನ್ನು ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಿದ್ದ. ಬರಲಿನ ಸದ್ದು ಚಾವಡಿ ದಾಟಿ ನೀರು ಸೇದುವ ಹೆಂಗಸರಿಗೂ ಕೇಳುತ್ತಿತ್ತು. ತನ್ನ ಮೇಷ್ಟ್ರೂ ಹೀಗೇ ಕಲಿಸಿದ್ದರು, ಅವರ ಮೇಷ್ಟ್ರೂ ಹಾಗೇ, ಇದರಲ್ಲಿ ಯೋಚನೆ ಮಾಡುವಂಥದ್ದೇನಿದೆ?

ಆ ದಿನ ಭಾಗಿಸುವ ಲೆಕ್ಕ ತಪ್ಪಿತೆಂದು ಕದಿರ ಎಂಬ ಹುಡುಗನ ಅಂಗೈ ಬಾತುಕೊಳ್ಳುವ ಹಾಗೆ ಬಾರಿಸಿದ್ದ. ಹುಡುಗ ಓಡಿಹೋಗಿ ಹುಲ್ಲಿನ ಬಣವೆಯೊಳಗೆ ಅಡಗಿದ್ದು, ಅವನ ತಾಯಿ ಊರೆಲ್ಲ ಕೂಗಿಕೊಂಡು ಹುಡುಕಿದ್ದು, ಸಿಕ್ಕ ಮೇಲೆ ‘ಇನ್ನು ನನ್ನ ಮಗ ಕುರಿ ಕಾಯ್ಕೊಂಡಿರ್ತಾನೆ, ನಿಮ್ಮ ಇದ್ಯೆ ನಿಮ್ಗೇ ಇರ್ಲಿ’ ಎಂದು ಚಾವಡಿಯ ಮುಂದೆ ನಿಂತು ಬೈದದ್ದು, ಎಲ್ಲ ಆಗಿತ್ತು. ಸಂಜೆ ಮನೆಗೆ ಬಂದವನು ಕಾಲು ಕೂಡ ತೊಳೆಯದೆ ಅಡುಗೆಮನೆಯ ಹೊಸಲಿನ ಮೇಲೆ ಕೂತುಬಿಟ್ಟ.

ಒಳಗೆ ಅಮ್ಮಾಜಮ್ಮ ಪಾತ್ರೆಯ ಮುಂದೆ ಬೆವರುತ್ತಿದ್ದಳು. ಎಳೆ ಕೈ, ಅತ್ತೆಯ ಕಣ್ಣು, ಮೇಲೆ ಗಂಡ ಬಂದು ಬಾಗಿಲಲ್ಲಿ ಕೂತಿದ್ದಾನೆ. ಹಿಟ್ಟು ಗಂಟಾಗಿತ್ತು. ಅವಳು ಕೋಲು ಹಿಡಿದು ತಿರುವುತ್ತಾ, ಗಂಟು ಸಿಕ್ಕಲ್ಲಿ ಪಾತ್ರೆಯ ಅಂಚಿಗೆ ಒತ್ತಿ ಒಡೆಯುತ್ತಾ, ಮತ್ತೆ ತಿರುವುತ್ತಾ ಇದ್ದಳು. ಗಂಡ ಸುಮ್ಮನೆ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಕೇಳಿದ:

“ಗಂಟು ಎಲ್ಲೈತೆ ಅಂತ ಎಂಗೆ ಗೊತ್ತಾಯ್ತದೆ?”

ಅವಳ ಜೀವ ಹೋಯಿತು. “ಕೋಲಿಗೆ ತಗುಲ್ತದೆ.”

“ತಗುಲಿದ್ರೆ?”

“ಅದೊಂದನ್ನ ಒತ್ತಿ ಒಡೀತೀನಿ. ಆಮೇಲೆ ತಿರುವ್ತೀನಿ.”

“ಗಂಟು ಬಂತು ಅಂದ್ರೆ ಇಡೀ ಪಾತ್ರೆ ಕೆಟ್ಟಂಗೆ ಅಲ್ವಾ?”

“ಯಾಕೆ ಕೆಡ್ತದೆ?” ಭಯದಲ್ಲೂ ಅವಳಿಗೆ ರೇಗಿತು. “ಮಿಕ್ಕಿದ್ದು ನುಣ್ಣಗೆ ಬೆಂದೈತಲ್ಲ. ಎತ್ತಿ ತಿಪ್ಪೆಗೆ ಸುರೀಲಾ?”

ಅವನು ಮುದ್ದೆ ಉಂಡು ಎದ್ದುಹೋದ. ಅವಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆಯ ಮುಂದೆ ಗಂಟು ಗಂಟು ಅಂತ ಅಷ್ಟು ಸಲ ಅನ್ನಬೇಕಾಗಿತ್ತೇ? ಮಾರನೇ ಬೆಳಿಗ್ಗೆ ಅವನು ಹುಣಸೆಯ ಬರಲನ್ನು ಮನೆಯಲ್ಲೇ ಬಿಟ್ಟು ಹೊರಟಿದ್ದ. ಇವಳು ಬಾಗಿಲ ತನಕ ಓಡಿಹೋಗಿ ಚಾಚಿದರೆ, “ಒಲೆಗೆ ಆಕು” ಎಂದು ತಿರುಗಿಯೂ ನೋಡದೆ ಹೋದ. ಇನ್ನೂ ಸಿಟ್ಟು ಇಳಿದಿಲ್ಲ ಅಂದುಕೊಂಡಳು.

ಅಂದಿನಿಂದ ಆ ಮನೆಯ ಮುದ್ದೆಯಲ್ಲಿ ಎಳ್ಳುಕಾಳಷ್ಟು ಗಂಟು ಯಾರಿಗೂ ಸಿಕ್ಕಿದ್ದಿಲ್ಲ. ಹೇಗಿದೆ ಎಂದು ಇವಳು ಕೇಳಲಿಲ್ಲ. ಹೀಗಿದೆ ಎಂದು ಅವರು ಹೇಳಲಿಲ್ಲ. ವರ್ಷಗಳು ಹಾಗೇ ಉರುಳಿದವು.

*

ಹೊತ್ತು ನೆತ್ತಿಗೆ ಬರುವಾಗ ಉರಿಗಾಮಿನವರು ಬಂದರು. ಬಸ್ಸು ಕೆರೆ ಏರಿಯ ಮೇಲೆ ಉಸಿರು ಬಿಟ್ಟಿತಂತೆ, ಅಲ್ಲಿಂದ ನಡೆದೇ ಬಂದಿದ್ದರು. ಮುಂದೆ ಕದಿರಪ್ಪ, ಅದೇ ಬಣವೆಯಲ್ಲಿ ಅಡಗಿದ್ದ ಹುಡುಗ, ಈಗ ನರೆತ ಮೀಸೆಯ ಮೇಸ್ತ್ರಿ. ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ಕೊಡುವುದು ಅವನ ಕೆಲಸ. ಜೊತೆಯಲ್ಲಿ ಅವನ ಗುಂಪಿನ ಆರುಮುಗಂ, ತಮಿಳಿನವನು, ಮೇಷ್ಟ್ರನ್ನು ಬದುಕಿದ್ದಾಗ ಕಂಡವನೇ ಅಲ್ಲ. ಮೇಸ್ತ್ರಿ ಅಳುತ್ತಾ ಹೊರಟಿದ್ದು ನೋಡಿ ತಾನೂ ಬಸ್ಸು ಹತ್ತಿದ್ದ.

ಕದಿರಪ್ಪ ಕಾಲು ಹಿಡಿದು ಅತ್ತ. ಎದ್ದವನೇ ಹೆಣದ ಮೇಲೆ ಬಿಸಿಲು ಬೀಳುತ್ತಿರುವುದನ್ನು ನೋಡಿ ಊರವರನ್ನು ದಬಾಯಿಸಿದ. “ಇಷ್ಟೊತ್ತು ಎಲೆ ಅಡಿಕೆ ಅಗೀತಾ ಕುಂತಿದ್ರಲ್ಲ, ನಾಕು ಗರಿ ಕಡ್ದು ಚಪ್ಪರ ಆಕಕ್ಕೆ ಆಗ್ಲಿಲ್ವಾ?” ಕೂಡಲೇ ಗೂಟ ಬಂತು, ತೆಂಗಿನ ಗರಿ ಬಂತು. ಗಣಿಯವರ ಕೈ, ಕೇಳಬೇಕೆ? ನೋಡನೋಡುತ್ತಿದ್ದಂತೆ ನೆರಳಾಯಿತು. ಆರುಮುಗಂ ನಾಲ್ಕು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದ.

“ಎಲ್ಲಾ ಚೆನ್ನಾಗಿರುಕ್ಕು ಮೇಸ್ತ್ರಿ. ಆ ಮೂಲೆಯಿಲೆ ಮಾತ್ರಂ ಒಂದು ಗಂಟು ಉಳಿದಿರುಕ್ಕು.”

ಕದಿರಪ್ಪ ತಲೆಯೆತ್ತಿ ನೋಡಿ ಒಂದೇ ಒಂದು ಗರಿಯನ್ನು ಎಳೆದು ಪಕ್ಕಕ್ಕೆ ಸರಿಸಿದ. ಮೇಷ್ಟ್ರ ಹಣೆಯ ಮೇಲಿದ್ದ ಬಿಸಿಲಿನ ತುಂಡು ಹೋಯಿತು.

ಅಮ್ಮಾಜಮ್ಮ ತಲೆಯೆತ್ತಿದಳು. “ಗರೀಲಿ ಎಂಥ ಗಂಟಪ್ಪಾ?”

“ನಮ್ಮ ಮೈನ್ಸ್‌ಲೆ ಇಪ್ಪಡಿದಾನ್, ಹಿಂಗೇ ಮಾತಾಡ್ತೀವಿ ಅಮ್ಮಾ,” ಎಂದ ಆರುಮುಗಂ. “ಮೇಸ್ತ್ರಿ ಕಲಿಸಿದ್ದು.”

“ನಾನೆಲ್ಲಿ ಕಲಿಸ್ದೆ,” ಎಂದು ಕದಿರಪ್ಪ ಅವಳ ಪಕ್ಕದಲ್ಲೇ ನೆಲಕ್ಕೆ ಕೂತ. “ಇದು ನಿಮ್ಮ ಮುದ್ದೆ ಮಾತಲ್ವಾ ಮೇಷ್ಟ್ರಮ್ಮ. ನಿಮ್ಗೆ ಗೊತ್ತಿಲ್ವಾ?”

“ನಂದಾ? ನಂಗೇನು ಗೊತ್ತು? ನಾನು ಇಸ್ಕೂಲಿನ ಒಳಗೆ ಕಾಲಿಟ್ಟೋಳಲ್ಲ.”

ಕದಿರಪ್ಪ ಬಚ್ಚಪ್ಪನ ಮುಖ ನೋಡಿದ, ಗಂಗರತ್ನಮ್ಮನ ಮುಖ ನೋಡಿದ. ಎಲ್ಲರಿಗೂ ಗೊತ್ತಿದ್ದದ್ದು, ಎಲ್ಲರಿಗೂ ಗೊತ್ತಿದೆ ಎಂದೇ ಯಾರೂ ಆಡದೆ ಬಿಟ್ಟದ್ದು. ಅವನು ನಿಧಾನವಾಗಿ ಹೇಳತೊಡಗಿದ.

“ನಂಗೆ ಒಡ್ದ್ರಲ್ಲ, ಅದ್ರ ಮಾರ್ನೇ ದಿನ ನಮ್ಮ ಗುಡ್ಲಿಗೆ ಬಂದ್ರು. ಕೈಯಾಗೆ ಬರಲಿರ್ಲಿಲ್ಲ. ನನ್ನ ಸಲೇಟು ಅವ್ರೇ ತಂದಿದ್ರು, ಲೆಕ್ಕ ಅಂಗೇ ಇತ್ತು. ನಮ್ಮವ್ವ ಬಾಯಿ ತೆಗ್ಯೋಕೆ ಮುಂಚೆ ನನ್ನ ಪಕ್ಕ ಕುಂತ್ಕೊಂಡು, ‘ಕದಿರ, ಇಲ್ಲಿಂದ ಇಲ್ಲೀ ತನಕ ನುಣ್ಣಗೈತೆ ಕಣ್ಲಾ. ನಾನು ನೆನ್ನೆ ಇದನ್ನ ನೋಡೇ ಇರ್ಲಿಲ್ಲ. ಈ ಒಂದು ಕಡೆ ಗಂಟಾಗೈತೆ, ಅಷ್ಟೇಯ. ನಮ್ಮನೇಲಿ ಅಮ್ಮಾಜಮ್ಮ ಗಂಟು ಬಂದ್ರೆ ಇಟ್ಟು ಎತ್ತಿ ಬಿಸಾಕಲ್ಲ. ಆ ಒಂದನ್ನ ಒತ್ತಿ ಒಡೀತಾಳೆ, ಮತ್ತೆ ತಿರುವ್ತಾಳೆ. ನೀನೂ ಅದೊಂದನ್ನ ಒಡಿ’ ಅಂದ್ರು. ನಾನು ಒಡ್ದೆ. ಲೆಕ್ಕ ಬಂತು.”

ಅಮ್ಮಾಜಮ್ಮ ಅವನ ಕಡೆಗೆ ಸರಿದು ಕೂತಳು.

“ಅವತ್ತಿಂದ ಇಸ್ಕೂಲಾಗೆ ಪಾಸು ಫೇಲು ಮಾತಿಲ್ಲ,” ಎಂದ ಬಚ್ಚಪ್ಪ. “ಗಂಟೈತೆ, ಇಲ್ಲಾಂದ್ರೆ ನುಣ್ಣಗೈತೆ. ಎಲ್ಲಾ ಸರಿ ಬಂದ್ರೆ ಸಲೇಟು ಎತ್ತಿ ಇಡೀ ಕ್ಲಾಸಿಗೆ ತೋರ್ಸೋರು, ‘ಮೇಷ್ಟ್ರಮ್ಮನ ಮುದ್ದೆ ನೋಡ್ರಲಾ’ ಅಂತ. ಅದಕ್ಕಿಂತ ದೊಡ್ಡ ಮಾತು ಅವ್ರ ಅತ್ರ ಇರ್ಲಿಲ್ಲ. ನಂಗೆ ಒಂದೇ ಸಲ ಸಿಕ್ಕಿದ್ದು.”

“ನಂಗೆ ಎರಡು ಸಲ,” ಎಂದಳು ಗಂಗರತ್ನಮ್ಮ, ಅಳುವಿನ ನಡುವೆಯೂ ಬಿಡದೆ.

“ಒಂದ್ಸಲ ಇನ್ಸ್‌ಪೆಕ್ಟ್ರು ಬಂದ್ರು,” ಕದಿರಪ್ಪ ಮುಂದುವರಿಸಿದ. “ನನ್ನ ಸಲೇಟಿನ ಮ್ಯಾಲೆ ಉದ್ದಕ್ಕೆ ಗೀಟೆಳ್ದು ತಪ್ಪು ಅಂದು ಮುಂದಕ್ಕೋದ್ರು. ಮೇಷ್ಟ್ರು ಅವ್ರ ಎದ್ರಿಗೇ ಅಂದ್ರು, ‘ಸ್ವಾಮಿ, ತಪ್ಪು ಅಂದ್ರೆ ಅವ್ನು ಎಲ್ಲಿಗೋಗಿ ಉಡುಕ್ಬೇಕು? ಜಾಗ ತೋರ್ಸಿ, ಅವ್ನೇ ಸರಿಮಾಡ್ಕೊತಾನೆ’ ಅಂತ. ನಾನು ಗಣಿಗಿಳಿದ ಮ್ಯಾಲೆ ನಂಗೆ ಅದ್ರ ಬೆಲೆ ಗೊತ್ತಾಯ್ತು ತಾಯಿ. ಒಳಗೆ ಬೈದ್ರೆ ಕೂಲಿಯವ್ನು ತಪ್ಪು ಮುಚ್ಚಿಡ್ತಾನೆ. ಮುಚ್ಚಿಟ್ಟ ತಪ್ಪು ಇನ್ನೊಬ್ಬನ ತಲೆ ಮ್ಯಾಲೆ ಬೀಳ್ತದೆ. ನಾನು ಬೈಯಲ್ಲ. ಗಂಟೆಲ್ಲೈತೆ ಅಂತ ತೋರಿಸ್ತೀನಿ. ನನ್ನ ಗುಂಪಿನೋರು ಅವ್ರವ್ರೇ ಬಂದು ಏಳ್ತಾರೆ, ಮೇಸ್ತ್ರಿ, ನಾನು ಇಟ್ಟ ಮರದಾಗೆ ಏನೋ ಸರಿಯಿಲ್ಲ ನೋಡು ಅಂತ. ನಿಮ್ಮ ಇಟ್ಟಿನ ಕೋಲು ಪಾತಾಳದಾಗೂ ಆಡ್ತಾ ಐತೆ.”

ಅಮ್ಮಾಜಮ್ಮ ಮೆಲ್ಲನೆ ಮಂಡಿಯೂರಿ ಗಂಡನ ಮುಖದ ಮೇಲೆ ಬಗ್ಗಿದಳು. ಈಗ ಅಳುತ್ತಾಳೆ, ಅಳಲಿ, ಅತ್ತರೆ ಒಳ್ಳೆಯದು ಎಂದು ಹೆಂಗಸರು ಹತ್ತಿರ ಸರಿದರು. ಅವರು ಬದುಕಿದ್ದಾಗ ಒಂದು ದಿನವೂ ಏಕವಚನ ಆಡದವಳು ಎಲ್ಲರಿಗೂ ಕೇಳುವ ಹಾಗೆ ಜಗಳಕ್ಕೇ ನಿಂತಳು.

“ಊರಿಗೆಲ್ಲ ಏಳ್ದೆ. ಕುರಿ ಕಾಯೋನಿಗೆ ಏಳ್ದೆ. ಇನ್ಸ್‌ಪೆಕ್ಟ್ರು ಮುಂದೆ ಏಳ್ದೆ. ಕಣ್ಣಿಲ್ಲದ ಆ ಗಣಿಯೊಳಗೂ ಏಳಿಸ್ದೆ. ಒಲೆ ಮುಂದೆ ಕುಂತಿರೋಳಿಗೆ ಒಂದು ಮಾತು ಏಳಕ್ಕೆ ನಿನ್ನ ಬಾಯಿಗೇನು ಬೀಗ ಜಡ್ದಿತ್ತಾ? ನಾನು ಅವತ್ತಿಂದ ನೊಂದ್ಕೊಂಡೇ ತಿರುವ್ದೆನಲ್ಲಾ. ನಿಂಗೆ ಗೊತ್ತಾಗ್ಲಿಲ್ವಾ? ಎಲ್ಲಾರ ಗಂಟೂ ಉಡುಕ್ದೋನಿಗೆ ನಂದು ಕಾಣಿಸ್ಲಿಲ್ವಾ?”

ಹೀಗೆ ಬೈಯುತ್ತಲೇ ಅವಳ ಕೈ ಅವರ ಹಣೆಯ ಕೂದಲನ್ನು ಹಿಂದಕ್ಕೆ ಸವರುತ್ತಿತ್ತು. ಬೈದು ಮುಗಿದ ಮೇಲೆ ಅಳು ಬಂತು. ಅಂಥ ಅಳು ಆ ಊರು ಕಂಡಿರಲಿಲ್ಲ. ಅದರಲ್ಲಿ ಸಂತೋಷವೂ ಇತ್ತು ಅಂದರೆ ನೀವು ನಂಬಬೇಕು. ಆರುಮುಗಂ ಗಟ್ಟಿಯಾಗಿ ಅತ್ತುಬಿಟ್ಟ.

“ಇನ್ನು ಎತ್ತ್ರಪ್ಪಾ,” ಎಂದಳು ಅವಳೇ ಕೊನೆಗೆ, ಸೆರಗಿನಿಂದ ಮುಖ ಒರೆಸಿಕೊಂಡು. “ಬಿಸಿಲು ಏರ್ತಾ ಐತೆ. ಅವ್ರಿಗೆ ತಡೀಯಲ್ಲ.”

ತಮಟೆ ಮೊಳಗಿತು. ಗಣಿಯವರು ಒಂದು ಹೆಗಲು, ಊರವರು ಒಂದು ಹೆಗಲು ಕೊಟ್ಟರು. ಹೆಂಗಸರು ಊರ ಮುಂದಿನ ಅರಳಿಕಟ್ಟೆಯ ತನಕ ಹೋಗಿ ಹಿಂತಿರುಗಿದರು.

*

ಮಣ್ಣು ಮಾಡಿದವರು ಬಂದು ದೀಪ ನೋಡಿಕೊಂಡು ಹೋಗಿದ್ದರು. ಮನೆಯವರೆಲ್ಲ ತಲೆಗೆ ನೀರು ಹಾಕಿಕೊಂಡಿದ್ದರು. ಅಮ್ಮಾಜಮ್ಮ ಒದ್ದೆ ಕೂದಲು ಬಿಟ್ಟುಕೊಂಡು ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಇಳಿಬಿಸಿಲು ಅಂಗಳದಲ್ಲಿ ಇನ್ನೂ ಇತ್ತು. ಅಷ್ಟರಲ್ಲಿ ಬೇಲಿಯ ಆಚೆ ಗುಸುಗುಸು ಕೇಳಿಸಿತು. ನೋಡಿದರೆ ಶಾಲೆಯ ಮಕ್ಕಳು. ಎಲ್ಲರೂ ಸ್ಲೇಟುಗಳನ್ನು ಎದೆಗೆ ತಾಗದಂತೆ, ತುಂಬಿದ ಮಜ್ಜಿಗೆಯ ತಟ್ಟೆ ಹಿಡಿದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು.

“ಓಗ್ರಲಾ ಮನೆಗೆ, ಇವತ್ತೆಂಥ ಇಸ್ಕೂಲು,” ಎಂದು ಚಿಕ್ಕವೆಂಕಟಮ್ಮ ಗದರಿದಳು.

ಮುತ್ಯಾಲು ಎಂಬ ಹುಡುಗಿ, ಸ್ವಲ್ಪ ಗಟ್ಟಿಗಿತ್ತಿ, ಮುಂದೆ ಬಂದಳು. “ಮೇಷ್ಟ್ರು ಜರ ಬಂದು ಮಲಗೋ ದಿನ ಕೊಟ್ಟಿದ್ದ ಲೆಕ್ಕ. ಇನ್ನೂ ನೋಡಿಲ್ಲ. ಮೇಷ್ಟ್ರು ನೋಡ್ದೆ ಸಲೇಟು ಒರೆಸ್ಬಾರ್ದು.”

“ಅವತ್ತಿಂದ ಅಂಗೇ ಮಡಗಿದ್ದೀರಾ?” ಅಮ್ಮಾಜಮ್ಮ ಕೇಳಿದಳು.

“ನಾನು ಅಟ್ಟದ ಮ್ಯಾಲೆ ಮಡಗಿದ್ದೆ. ನಮ್ಮ ತಮ್ಮ ನೆಕ್ಕಿಬುಡ್ತಾನೆ ಅಂತ.” ಹುಡುಗಿ ತುಟಿ ಕಚ್ಚಿಕೊಂಡಳು. “ನಮ್ಮವ್ವ ಇನ್ನು ಒರೆಸ್ಕೋ ಅಂತಾಳೆ. ಈಗ ಯಾರು ನೋಡ್ತಾರೆ ಅಜ್ಜಿ?”

ಅಂಗಳದಲ್ಲಿ ಅಷ್ಟೂ ಮುಖಗಳು ಅವಳನ್ನೇ ನೋಡುತ್ತಿದ್ದವು. ಅಮ್ಮಾಜಮ್ಮ ಓರಗಿತ್ತಿಯ ಕಡೆ ನೋಡಿದಳು, ಖಾಲಿ ಅಂಗಳ ನೋಡಿದಳು.

“ನಂಗೆ ಒಂದಕ್ಷರ ಬರಲ್ಲ ಮಗ.”

ಮಕ್ಕಳು ಅಲುಗಲಿಲ್ಲ. ಅವಳು ಸ್ವಲ್ಪ ಸರಿದು ಜಗುಲಿಯ ಮೇಲೆ ಜಾಗ ಮಾಡಿದಳು.

“ಬಾ, ಕುಂತ್ಕೋ. ಏನು ಬರ್ದಿದ್ದೀಯೋ ಬೆರಳಿಟ್ಟು ಬಾಯಲ್ಲಿ ಏಳ್ತಾ ಓಗು. ಅವಸರ ಮಾಡ್ಬೇಡ.”

ಮುತ್ಯಾಲು ಕೂತಳು. ಬೆರಳು ಮೊದಲ ಸಾಲಿನ ಮೇಲೆ ಹೊರಟಿತು, ಅದರ ಜೊತೆಗೇ ಧ್ವನಿಯೂ. ಇದರಲ್ಲಿ ಇದು ಹೋದರೆ ಇಷ್ಟು, ಇಳಿಸಿದರೆ ಇಷ್ಟು. ಸಲೀಸಾಗಿ ಹೋಗುತ್ತಿದ್ದ ಧ್ವನಿ ಮೂರನೇ ಸಾಲಿಗೆ ಬಂದಾಗ ಒಂದು ಗಳಿಗೆ ತಡೆಯಿತು, ಆಮೇಲೆ ಬೇಕೆಂದೇ ಜೋರಾಗಿ ಮುಂದಕ್ಕೆ ಓಡಿತು. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ ಅಮ್ಮಾಜಮ್ಮ ಕೈ ಚಾಚಿ ಆ ಪುಟ್ಟ ಬೆರಳನ್ನು ಹಿಡಿದು ಹಿಂದಕ್ಕೆ ತಂದು ನಿಲ್ಲಿಸಿದಳು.

“ಇಲ್ಲಿ,” ಎಂದಳು.

ಹುಡುಗಿ ಆ ಅಂಕಿಯನ್ನೇ ದಿಟ್ಟಿಸಿದಳು. ಹಿಂದೆ ನಿಂತಿದ್ದ ಮಕ್ಕಳೆಲ್ಲ ಕತ್ತು ಚಾಚಿದರು. ಮುತ್ಯಾಲು ಮೆಲ್ಲನೆ ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ ಆ ಒಂದು ಅಂಕಿಯನ್ನು ಮಾತ್ರ ಒರೆಸಿದಳು, ಅಕ್ಕಪಕ್ಕದ್ದು ಒಂದಿಷ್ಟೂ ಅಳಿಯದ ಹಾಗೆ.